ನಿಂತಲ್ಲಿಗೇ ಚೆಂಡು: ಮಾರ್ಲೀಸ್ ರೀಚೆಲ್ ಅವರ ಆಟದ ಬದುಕು

ಜರ್ಮನಿಯ ಮಹಿಳಾ ಟೆನಿಸ್ಸಿನ ಇತಿಹಾಸ ಬರೆಯುವವರು ಯಾರ ಹೆಸರುಗಳನ್ನು ದೊಡ್ಡ ಅಕ್ಷರಗಳಲ್ಲಿ ಬರೆಯುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಆ ಗ್ರಂಥದಲ್ಲಿ ಮಾನ್ಯ ಮಾರ್ಲೀಸ್ ರೀಚೆಲ್ ಅವರನ್ನು ಹುಡುಕಬೇಕಾದರೆ ಪುಟದ ಅಡಿಗಿಳಿದು ಸಣ್ಣಕ್ಷರದ ಟಿಪ್ಪಣಿಗಳನ್ನು ಓದಬೇಕು. ವೃತ್ತಿಪರ ಆಟಗಾರ್ತಿಯಾಗಿ ಅವರು ಆಡಿದ್ದು ಮೂರು ವರ್ಷಕ್ಕಿಂತ ಕಡಿಮೆ. ಆ ವೃತ್ತಿಗೆ ಕಾಲಿಟ್ಟದ್ದು ಇಪ್ಪತ್ತೊಂಬತ್ತನೆಯ ವಯಸ್ಸಿಗೆ, ಅಂದರೆ ಉಳಿದವರು ರ‍್ಯಾಕೆಟ್ಟನ್ನು ಗೂಟಕ್ಕೆ ನೇತುಹಾಕುವ ವಯಸ್ಸಿಗೆ. ಏರಿದ ಅತ್ಯುನ್ನತ ಸ್ಥಾನ ಜಗತ್ತಿನಲ್ಲಿ ನೂರ ಮೂವತ್ತೊಂದು. ಆದರೆ ನೈಸೆ ನದಿಯ ದಂಡೆಯ ನಮ್ಮ ಸ್ಟೈನ್‌ವಿಟ್ಸ್‌ನಲ್ಲಿ ಟೆನಿಸ್ ಎಂಬ ಆಟ ಇಂದಿಗೂ ಉಸಿರಾಡುತ್ತಿದ್ದರೆ, ನದಿಯ ಆಚೆಯ ಪೋಲೆಂಡಿನ ಮಕ್ಕಳು ಸೇತುವೆ ದಾಟಿ ನಮ್ಮ ಅಂಕಣಗಳಿಗೆ ಬರುತ್ತಿದ್ದರೆ, ಅದಕ್ಕೆ ಕಾರಣ ಈ ಒಬ್ಬರು. ಅರವತ್ತೈದು ತುಂಬಿ, ಮೂವತ್ತಮೂರು ವರ್ಷ ಹೊತ್ತ ಮುಖ್ಯ ತರಬೇತುದಾರರ ಹೊಣೆಯನ್ನು ಈ ವಸಂತದಲ್ಲಿ ಅವರು ಇಳಿಸಿದ್ದಾರೆ. ಅವರ ಶಿಷ್ಯೆಯೂ, ಹದಿನಾಲ್ಕು ವರ್ಷಗಳಿಂದ ಊರಿನ ಟೆನಿಸ್ ಸಂಘದ ಕಾರ್ಯದರ್ಶಿಯಾಗಿ ಅವರ ಜೊತೆ ದುಡಿದವಳೂ ಆದ ನನಗೆ ಈ ಅಭಿನಂದನ ಗ್ರಂಥಕ್ಕೆ ನಾಲ್ಕು ಮಾತು ಬರೆಯುವ ಅವಕಾಶ ಒದಗಿದ್ದು ನನ್ನ ಭಾಗ್ಯ.

ಮಾರ್ಲೀಸ್ ಅವರು ಹುಟ್ಟಿದ್ದು ೧೯೬೧ರಲ್ಲಿ. ತಂದೆ ಏರ್ವಿನ್ ರೀಚೆಲ್ ಅವರು ಊರಿನ ಮಗ್ಗದ ಯಂತ್ರಗಳ ಕಾರ್ಖಾನೆಯಲ್ಲಿ ಜೋಡಣೆ ಕೆಲಸದವರು. ತಾಯಿ ಅದೇ ಕಾರ್ಖಾನೆಯ ಊಟದ ಮನೆಯಲ್ಲಿದ್ದರು. ಆಗ ನಮ್ಮದು ಪೂರ್ವ ಜರ್ಮನಿ. ಕಾರ್ಖಾನೆಯ ಹಿಂಬದಿಯ ಹುಲ್ಲುಗಾವಲಿನಲ್ಲಿ ಇಟ್ಟಿಗೆಪುಡಿ ಹಾಸಿದ ನಾಲ್ಕು ಕೆಂಪು ಅಂಕಣಗಳಿದ್ದವು; ಅವನ್ನು ನೋಡಿಕೊಳ್ಳುತ್ತಿದ್ದವರು ಕಾರ್ಖಾನೆಯ ಉಗ್ರಾಣದ ಮೇಲ್ವಿಚಾರಕರಾಗಿದ್ದ ವೋಲ್ಫ್ರಾಮ್ ಯೆಂಚ್. ಊರೆಲ್ಲ ಅವರನ್ನು ಯೆಂಚ್ ಮೇಷ್ಟ್ರು ಎನ್ನುತ್ತಿತ್ತು. ಒಂಬತ್ತು ವರ್ಷದ ಹುಡುಗಿಯ ಕೈಗೆ ಹಿಡಿಕೆ ಸವೆದ ಮರದ ರ‍್ಯಾಕೆಟ್ಟೊಂದನ್ನು ಕೊಟ್ಟವರು ಅವರೇ.

ಕೊಟ್ಟ ಕಾಲ ಮಾತ್ರ ಒಳ್ಳೆಯದಾಗಿರಲಿಲ್ಲ. ಟೆನಿಸ್ ಆಗ ಒಲಿಂಪಿಕ್ಸಿನ ಆಟವಾಗಿರಲಿಲ್ಲವಾದ್ದರಿಂದ ಅದರಿಂದ ದೇಶಕ್ಕೆ ಪದಕ ಬರುವಂತಿರಲಿಲ್ಲ. ಪದಕ ತಾರದ ಆಟಕ್ಕೆ ಸರ್ಕಾರದ ನೆರವು ಬೇಡವೆಂದು ಮೇಲಿನವರು ಆಗತಾನೇ ತೀರ್ಮಾನಿಸಿದ್ದರು. ಆ ವರ್ಷ ಜಿಲ್ಲೆಯಿಂದ ಶಾಲೆಗೆ ಬಂದ ಕ್ರೀಡಾ ಅಧಿಕಾರಿಗಳು ಮಕ್ಕಳ ಎತ್ತರ, ತೋಳಿನ ಉದ್ದ ಅಳೆದು, ರೀಚೆಲ್ ಅವರ ಮಗಳು ಭರ್ಜಿ ಎಸೆತಕ್ಕೋ ಓಟಕ್ಕೋ ಹೇಳಿ ಮಾಡಿಸಿದವಳು, ವಸತಿ ಕ್ರೀಡಾಶಾಲೆಗೆ ಕಳುಹಿಸಿ ಎಂದು ಬರೆದುಕೊಟ್ಟರು. ಮನೆಯಲ್ಲಿ ಸಂತೋಷವೋ ಸಂತೋಷ. ಹುಡುಗಿ ಮಾತ್ರ ಒಲ್ಲೆ ಎಂದು ಕೂತಳು.

"ಓಟಕ್ಕೆ ಹೋದ್ರೆ ದೇಶ ದೇಶ ನೋಡ್ಬಹುದು. ಈ ಚೆಂಡಾಟದಲ್ಲಿ ಏನಿದೆ ಅಂತ?" ಎಂದರಂತೆ ತಂದೆ.

"ಓಡೋವಾಗ ಎದುರಿಗೆ ಯಾರೂ ಇರಲ್ವಲ್ಲ ಅಪ್ಪ" ಎಂದಳಂತೆ ಮಗಳು.

ಏರ್ವಿನ್ ಅವರಿಗೆ ಈ ಉತ್ತರ ಅರ್ಥವಾಗಲಿಲ್ಲ. ಆದರೆ ಅರ್ಥವಾಗದ್ದನ್ನು ಬೈಯುವ ಸ್ವಭಾವ ಅವರದಾಗಿರಲಿಲ್ಲ. ಮಗಳು ಅಂಕಣದಲ್ಲೇ ಉಳಿದಳು. ಹದಿನೆಂಟಕ್ಕೆ ಪೂರ್ವ ಜರ್ಮನಿಯ ಚಾಂಪಿಯನ್ ಆದಳು, ಆಮೇಲೆ ಇನ್ನೂ ನಾಲ್ಕು ಬಾರಿ ಆದಳು. ಹಗಲು ಕಾರ್ಖಾನೆಯಲ್ಲಿ ಯಂತ್ರಗಳ ನಕ್ಷೆ ಬರೆಯುವ ಕೆಲಸ, ಸಂಜೆ ಆಟ. ಬೋಳಾದ ಚೆಂಡುಗಳನ್ನು ಉಪ್ಪುಕಾಗದದಿಂದ ಉಜ್ಜಿ ಮತ್ತೆ ಜುಂಗು ಎಬ್ಬಿಸುತ್ತಿದ್ದ ದಿನಗಳವು.

ಅವರ ಡಬಲ್ಸ್ ಜೊತೆಗಾತಿ ಹಾಲೆ ಊರಿನ ಸಿಲ್ಕೆ ಲೋರೆನ್ಸ್. ಇಬ್ಬರದೂ ಒಂದೇ ವಯಸ್ಸು, ಎರಡು ಸ್ವಭಾವ. ಮಾರ್ಲೀಸ್ ಹಿಂದೆ ನಿಂತು ಚೆಂಡನ್ನು ಮರಳಿಸುವವರು, ಮರಳಿಸುತ್ತಲೇ ಇರುವವರು. ಸಿಲ್ಕೆ ಬಲೆಯ ಹತ್ತಿರ ನುಗ್ಗಿ ಮುಗಿಸುವವರು. ಹಂಗೆರಿಯ ಗೆಳತಿಯೊಬ್ಬಳು ಇವರಿಗೆ ಪಶ್ಚಿಮದಲ್ಲಿ ತಯಾರಾದ ಒಂದು ರ‍್ಯಾಕೆಟ್ಟನ್ನು ಉಡುಗೊರೆಯಾಗಿ ಕೊಟ್ಟಿದ್ದಳು. ಇಬ್ಬರಿಗೆ ಒಂದೇ ರ‍್ಯಾಕೆಟ್. ಸಿಂಗಲ್ಸ್ ಪಂದ್ಯಗಳಲ್ಲಿ ಸರದಿಯ ಮೇಲೆ ಆಡುತ್ತಿದ್ದರು: ಒಂದು ದಿನ ಅವಳು, ಮರುದಿನ ಇವಳು.

೧೯೮೪ರ ಆಗಸ್ಟ್‌ನಲ್ಲಿ ಹಂಗೆರಿಯ ಬಾಲಟೋನ್ ಸರೋವರದ ಬಳಿ ಪಂದ್ಯಾವಳಿ. ಬುಧವಾರ ರ‍್ಯಾಕೆಟ್ ಸಿಲ್ಕೆಯದು. ಆಕೆ ಆಡಿದಳು, ಗೆದ್ದಳು, ಈಜಿ ಬರುತ್ತೇನೆಂದು ಹೇಳಿ ಹೋದವಳು ಮತ್ತೆ ಬರಲಿಲ್ಲ. ಒಬ್ಬ ಆಸ್ಟ್ರಿಯದವನ ಕಾರಿನ ಡಿಕ್ಕಿಯಲ್ಲಿ ಮುದುಡಿ ಮಲಗಿ ಆಕೆ ಗಡಿ ದಾಟಿ ಪಶ್ಚಿಮಕ್ಕೆ ಹೋದದ್ದು ಮಾರ್ಲೀಸ್ ಅವರಿಗೆ ಗೊತ್ತಾದದ್ದು, ಊರಿಗೆ ಹಿಂದಿರುಗಿದ ಮೇಲೆ ಜಿಲ್ಲಾ ಕಚೇರಿಯ ಇಬ್ಬರು ಎದುರಿಗೆ ಕೂತು ಪ್ರಶ್ನೆ ಕೇಳತೊಡಗಿದಾಗ. ನಿನಗೆ ಮೊದಲೇ ಗೊತ್ತಿತ್ತು ಎಂದರು ಅವರು. ಇಲ್ಲ ಎಂದರು ಇವರು. ಅದು ನಿಜವಾಗಿತ್ತು, ಮತ್ತು ಆ ನಿಜವೇ ಮಾರ್ಲೀಸ್ ಅವರನ್ನು ಒಳಗೊಳಗೇ ಹೆಚ್ಚು ನೋಯಿಸಿತ್ತು. ಆರು ವರ್ಷ ಒಂದೇ ಕೋಣೆಯಲ್ಲಿ ತಂಗಿ, ಒಂದೇ ತಟ್ಟೆಯಲ್ಲಿ ಉಂಡವಳು ಒಂದು ಮಾತೂ ಹೇಳದೆ ಹೋಗಿದ್ದಳು.

ಕೊನೆಗೆ ಆ ಅಧಿಕಾರಿಗಳು ಒಂದು ದಾರಿ ಸೂಚಿಸಿದರು. ಗೆಳತಿಗೆ ಪತ್ರ ಬರೆ, ಮರಳಿ ಬಾ ಎಂದು ಕರೆ, ನಿನ್ನ ಆಟಕ್ಕೆ ಅಡ್ಡಿಯಿಲ್ಲ. ಮಾರ್ಲೀಸ್ ಅವರು ಕಾಗದ ತೆಗೆದುಕೊಂಡು ಬರೆದರು. ಮುಂದೆ ಪೂರ್ವ ಜರ್ಮನಿ ಅಳಿದು ಗುಪ್ತ ಪೊಲೀಸರ ಕಡತಗಳು ತೆರೆದಾಗ ನಾವೆಲ್ಲ ನೋಡಿದ ಆ ಪತ್ರ ಇಷ್ಟೇ: "ಸಿಲ್ಕೆ, ನೀನು ಕ್ಷೇಮವಾಗಿದ್ದೀಯ ಅಂದುಕೊಂಡಿದ್ದೇನೆ. ರ‍್ಯಾಕೆಟ್ ನಿನ್ನ ಹತ್ತಿರ ಇದೆ. ಗುರುವಾರ ನನ್ನ ಸರದಿ."

ಅಧಿಕಾರಿಗಳು ಈ ಪತ್ರವನ್ನು ಮೂರು ದಿನ ಓದಿದರು. ಗುರುವಾರ ಏನು ನಡೆಯುತ್ತದೆ, ಸರದಿ ಎಂದರೆ ಯಾವುದರ ಸಂಕೇತ, ರ‍್ಯಾಕೆಟ್ ಎಂದರೆ ಯಾರು ಎಂದು ತಲೆ ಕೆಡಿಸಿಕೊಂಡರು. ರ‍್ಯಾಕೆಟ್ ಎಂದರೆ ರ‍್ಯಾಕೆಟ್ ಎಂಬ ಉತ್ತರವನ್ನು ಅವರು ಉದ್ಧಟತನವೆಂದು ಬರೆದುಕೊಂಡರು. ಪತ್ರವನ್ನು ಅಂಚೆಗೆ ಹಾಕಲಿಲ್ಲ. ಮಾರ್ಲೀಸ್ ರೀಚೆಲ್ ಅವರ ಹೆಸರನ್ನು ದೇಶದ ತಂಡದಿಂದ ತೆಗೆದುಹಾಕಿದರು. ಹೊರಗೆ ಆಡುವುದಿರಲಿ, ಒಳಗಿನ ಚಾಂಪಿಯನ್‌ಷಿಪ್ಪಿಗೂ ಕರೆಯಲಿಲ್ಲ. ಆಗ ಅವರ ವಯಸ್ಸು ಇಪ್ಪತ್ತಮೂರು. ಟೆನಿಸ್ ಬಲ್ಲವರಿಗೆ ಇಪ್ಪತ್ತಮೂರರಿಂದ ಇಪ್ಪತ್ತೆಂಟು ಎಂದರೇನೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆ ಐದು ವರ್ಷಗಳಲ್ಲಿ ಮೊದಲ ಮೂರನ್ನು ಅವರು ಕಳೆದದ್ದು ಯೆಂಚ್ ಮೇಷ್ಟ್ರ ಜೊತೆ. ಮೇಷ್ಟ್ರಿಗೆ ಆಗ ಎಪ್ಪತ್ತಾರು. ಸೊಂಟದ ಕೀಲು ಹಾಳಾಗಿ ಒಂದು ಹೆಜ್ಜೆಯನ್ನೂ ಪಕ್ಕಕ್ಕೆ ಇಡಲಾರರು. ಶಿಷ್ಯೆಗೆ ಎದುರು ನಿಲ್ಲಲು ಊರಿನಲ್ಲಿ ಬೇರೆ ಯಾರಿಗೂ ಧೈರ್ಯವಿಲ್ಲ: ಹೆಸರು ಕೆಟ್ಟವಳ ಜೊತೆ ಆಡಿ ತಮ್ಮ ಹೆಸರನ್ನೂ ಕೆಡಿಸಿಕೊಳ್ಳುವುದು ಯಾರಿಗೆ ಬೇಕಿತ್ತು? ಮೇಷ್ಟ್ರು ಹೇಳಿದರು: "ಆಟ ಉಳೀಬೇಕಾದ್ರೆ ಎದುರಿಗೊಬ್ಬರು ಬೇಕು. ನಾನು ನಿಂತ್ಕೋತೀನಿ. ಓಡೋದು ಮಾತ್ರ ನನ್ನ ಕೈಲಾಗಲ್ಲ, ನೀನೇ ಚೆಂಡನ್ನ ನಾನು ನಿಂತಲ್ಲಿಗೆ ಕಳಿಸ್ಬೇಕು."

ಹಾಗೆಯೇ ಆಯಿತು. ಹಿಮ ಕರಗಿದ ಮೇಲೆ ಮತ್ತೆ ಹಿಮ ಬೀಳುವವರೆಗೆ ಪ್ರತಿ ಸಂಜೆ ಆ ವೃದ್ಧರು ಗೆರೆಯ ಮೂಲೆಯಲ್ಲಿ ಕೋಲಿನಂತೆ ನಿಲ್ಲುತ್ತಿದ್ದರು. ಅವರು ಎತ್ತಲೆತ್ತಲೋ ಹೊಡೆದದ್ದನ್ನು ಮಾರ್ಲೀಸ್ ಅವರು ಓಡಿ, ಬಾಗಿ, ಜಾರಿ ಹಿಡಿದು, ಮೇಷ್ಟ್ರ ರ‍್ಯಾಕೆಟ್ಟಿನ ನಡುವಿಗೇ ಮರಳಿಸುತ್ತಿದ್ದರು. ಒಂದು ಅಡಿ ಆಚೆ ಬಿದ್ದರೂ ಆಟ ನಿಲ್ಲುತ್ತಿತ್ತು. ಮೊದಲ ಬೇಸಿಗೆಯಲ್ಲಿ ಹತ್ತು ಬಾರಿ ದಾಟಿದರೆ ಹೆಚ್ಚು. ಮೂರನೆಯ ಬೇಸಿಗೆಯ ಹೊತ್ತಿಗೆ ಇನ್ನೂರು. ೧೯೮೭ರ ಶರತ್ಕಾಲದಲ್ಲಿ ಮೇಷ್ಟ್ರು ತೀರಿಕೊಂಡರು. ಆಮೇಲೆ ಎರಡು ವರ್ಷ ಮಾರ್ಲೀಸ್ ಅವರು ಕಾರ್ಖಾನೆಯ ಗೋಡೆಯ ಮೇಲೆ ಸೀಮೆಸುಣ್ಣದಿಂದ ಒಂದು ಗುಂಡು ಗೆರೆ ಎಳೆದು ಅದರೊಳಗೇ ಹೊಡೆಯುತ್ತ ಕಳೆದರು.

ಪಶ್ಚಿಮ ಜರ್ಮನಿಯ ಗಡಿ ತೆರೆದದ್ದು ೧೯೮೯ರ ನವೆಂಬರಿನ ಒಂದು ಗುರುವಾರ. ಈ ಸಂಗತಿಯನ್ನು ನಮ್ಮ ಸಂಘದಲ್ಲಿ ಇಂದಿಗೂ ನಗುತ್ತ ಹೇಳಿಕೊಳ್ಳುವುದುಂಟು. ಹತ್ತು ದಿನಗಳ ನಂತರ ಮಾರ್ಲೀಸ್ ಅವರು ರೈಲು ಹತ್ತಿ ಕಾಸೆಲ್ ಊರಿಗೆ ಹೋದರು. ಸಿಲ್ಕೆ ಅಲ್ಲಿನ ಒಂದು ಕ್ಲಬ್ಬಿನಲ್ಲಿ ಮಕ್ಕಳಿಗೆ ಆಟ ಕಲಿಸಿಕೊಂಡಿದ್ದರು. ಬಾಗಿಲು ತೆರೆದ ಸಿಲ್ಕೆಗೆ ಬಂದವರು ಯಾರೆಂದು ತಿಳಿಯಲು ಒಂದು ಕ್ಷಣವೂ ಬೇಕಾಗಲಿಲ್ಲ. ಬೈಯುವುದಾದರೆ ಒಳಗೆ ಬಂದು ಬೈಯಿ ಎಂದರಂತೆ.

"ರ‍್ಯಾಕೆಟ್ ಎಲ್ಲಿ?" ಎಂದರು ಮಾರ್ಲೀಸ್.

"ಮುರಿದುಹೋಯ್ತು ಕಣೆ. ಎಂಬತ್ತಾರರಲ್ಲಿ."

"ಎಸೆದುಬಿಟ್ಯಾ?"

"ಹೂಂ."

ಇಬ್ಬರೂ ಅಡುಗೆಮನೆಯ ಮೇಜಿನ ಎದುರುಬದುರು ಕೂತರು. ಕಾಫಿ ಆರಿತು. ಆಮೇಲೆ ಸಿಲ್ಕೆ ತಾವಾಗಿಯೇ ಹೇಳಿದರು: "ನಿಂಗೆ ಹೇಳಿದ್ರೆ ನೀನು ಸುಳ್ಳು ಹೇಳ್ಬೇಕಾಗ್ತಿತ್ತು. ನಿಂಗೆ ಸುಳ್ಳು ಬರಲ್ಲ. ಮೊದಲ ಪ್ರಶ್ನೆಗೇ ಮುಖದಲ್ಲಿ ಗೊತ್ತಾಗಿಬಿಡ್ತಿತ್ತು."

"ಐದು ವರ್ಷ, ಸಿಲ್ಕೆ."

ಅದಕ್ಕೆ ಸಿಲ್ಕೆ ಸಮಾಧಾನ ಹೇಳಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಎದ್ದು ಹೋಗಿ ಕಪಾಟಿನಿಂದ ಎರಡು ರ‍್ಯಾಕೆಟ್ ತಂದರು. ಅಂದು ಮಧ್ಯಾಹ್ನ ಕ್ಲಬ್ಬಿನ ಒಳಾಂಗಣದಲ್ಲಿ ಎರಡು ಗಂಟೆ ಆಡಿದರು. ಆಟ ಮುಗಿದಾಗ ಸಿಲ್ಕೆ ಬಲೆಯ ಮೇಲೆ ಕೈಯೂರಿ, ಇಷ್ಟು ಕರಾರುವಾಕ್ಕಾಗಿ ಹೊಡೆಯುವುದನ್ನು ಎಲ್ಲಿ ಕಲಿತೆ ಎಂದು ಕೇಳಿದರಂತೆ. ಮಾರ್ಲೀಸ್ ಅವರು ಮೇಷ್ಟ್ರು ಮೂರು ವರ್ಷ ಎದುರು ನಿಂತದ್ದನ್ನೂ, ಆಮೇಲೆ ತೀರಿಕೊಂಡದ್ದನ್ನೂ ಹೇಳಿದರು. ಆಗ ಸಿಲ್ಕೆ ಅತ್ತರು, ಅಂದು ಮೊದಲ ಬಾರಿಗೆ.

ಆ ವಾರವೇ ಸಿಲ್ಕೆ ನಿರ್ಧರಿಸಿದರು: ಮಾರ್ಲೀಸ್ ಆಡಬೇಕು, ತಾವು ಜೊತೆಗಿರಬೇಕು. ಹೀಗೆ ಇಪ್ಪತ್ತೊಂಬತ್ತನೆಯ ವಯಸ್ಸಿಗೆ ಅವರ ವೃತ್ತಿಜೀವನ ಆರಂಭವಾಯಿತು. ಸಣ್ಣ ಸಣ್ಣ ಊರುಗಳ ಸಣ್ಣ ಸಣ್ಣ ಪಂದ್ಯಾವಳಿಗಳು. ಸಿಲ್ಕೆಯ ಹಳೆಯ ಕಾರು. ಹಿಂದಿನ ಸೀಟಿನಲ್ಲಿ ಬುತ್ತಿಯ ಡಬ್ಬಿ. ಎದುರಾಳಿಗಳೆಲ್ಲ ಹದಿನಾರು, ಹದಿನೇಳರ ಹುಡುಗಿಯರು. ಒಂದೂರಿನಲ್ಲಿ ಒಬ್ಬಳು ಇವರ ಕಿವಿಗೆ ಬೀಳುವಂತೆಯೇ, ಇವತ್ತು ಅಜ್ಜಿ ಜೊತೆ ಆಟ, ಬೇಗ ಮುಗಿಯುತ್ತೆ ಎಂದು ತನ್ನ ತಾಯಿಗೆ ಹೇಳಿದಳಂತೆ. ಬೇಗನೇ ಮುಗಿಯಿತು, ಆರು-ಒಂದು, ಆರು-ಸೊನ್ನೆ. ಕೈಕುಲುಕುವಾಗ ಮಾರ್ಲೀಸ್ ಅವರು, ನಿನ್ನ ಹಿಡಿತ ಸ್ವಲ್ಪ ಬಿಗಿಯಾಯಿತು ಮಗಳೇ ಎಂದು ಹೇಳಿ, ಹೆಬ್ಬೆರಳು ಎಲ್ಲಿರಬೇಕೆಂದು ತೋರಿಸಿಕೊಟ್ಟರು. ಆ ಹುಡುಗಿ ಮುಂದೆ ಹೆಸರು ಮಾಡಿದಳು, ಪ್ರತಿ ಹೊಸವರ್ಷಕ್ಕೆ ಕಾರ್ಡು ಕಳಿಸುತ್ತಾಳೆ.

ಅವರ ಆಟದಲ್ಲಿ ಮಿಂಚಿರಲಿಲ್ಲ. ಎದುರಾಳಿ ನಿಂತಲ್ಲಿಗೇ ಚೆಂಡು ಕಳಿಸಲು ಕಲಿತವರಿಗೆ, ಆಕೆ ನಿಂತಿಲ್ಲದಲ್ಲಿಗೆ ಕಳಿಸುವುದೂ ಅಷ್ಟೇ ಸುಲಭ. ಅದಷ್ಟನ್ನೇ ಅವರು ಮಾಡುತ್ತಿದ್ದರು. ೧೯೯೨ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನ ದೊಡ್ಡ ಪಂದ್ಯಾವಳಿಯ ಮೂರು ಅರ್ಹತಾ ಸುತ್ತುಗಳನ್ನೂ ಗೆದ್ದು ಮುಖ್ಯ ಹಂತಕ್ಕೆ ಬಂದರು. ಮೊದಲ ಸುತ್ತಿನಲ್ಲಿ ಅರ್ಜೆಂಟೀನಾದ ಹತ್ತೊಂಬತ್ತರ ಹುಡುಗಿಯೊಡನೆ ಮೂರು ಗಂಟೆಗೆ ಹತ್ತು ನಿಮಿಷ ಕಡಿಮೆ ಆಡಿ, ಕೊನೆಯ ಸೆಟ್ಟನ್ನು ಎಂಟು-ಆರರಿಂದ ಗೆದ್ದರು. ಎರಡನೆಯ ಸುತ್ತಿನಲ್ಲಿ ಶ್ರೇಯಾಂಕಿತ ಆಟಗಾರ್ತಿಯೊಬ್ಬರು ಅವರನ್ನು ಐವತ್ತೈದು ನಿಮಿಷಗಳಲ್ಲಿ ಮನೆಗೆ ಕಳಿಸಿದರು. ಮನೆಗೆ ಫೋನು ಮಾಡಿ ಮಾರ್ಲೀಸ್ ಅವರು, ಇಲ್ಲಿಯದೂ ನಮ್ಮ ಹಾಗೇ ಇಟ್ಟಿಗೆಪುಡಿ, ಜರಡಿ ಮಾತ್ರ ಸಣ್ಣದು ಎಂದು ವರದಿ ಒಪ್ಪಿಸಿದರು. ಬಟ್ಟೆ ಒಗೆದರೆ ಆ ಕೆಂಪು ಹೋಗುತ್ತದೆಯೇ ಎಂದಷ್ಟೇ ಕೇಳಿದರಂತೆ ಏರ್ವಿನ್ ಅವರು. ಆದರೆ ಮರುದಿನ ಬೇಕರಿಯ ಸಾಲಿನಲ್ಲಿ ನಿಂತ ಏಳು ಜನರಿಗೂ ಅವರು ಆ ಎಂಟು-ಆರನ್ನು ಹೇಳಿದ್ದರೆಂದು ನನ್ನ ಅಜ್ಜಿ ನೆನೆಯುತ್ತಿದ್ದರು.

ಆ ಬೇಸಿಗೆಯಲ್ಲೇ ಪಶ್ಚಿಮದ ಒಂದು ದೊಡ್ಡ ಕ್ಲಬ್ಬು ಎರಡು ವರ್ಷದ ಒಪ್ಪಂದ ಮುಂದಿಟ್ಟಿತು. ವರ್ಷಾಂತ್ಯದೊಳಗೆ ಸಹಿ ಹಾಕಬೇಕು. ಮೂವತ್ತೊಂದು ವರ್ಷದ ಆಟಗಾರ್ತಿಗೆ ಇಂಥದ್ದು ಮತ್ತೆ ಬರುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಸೆಪ್ಟೆಂಬರಿನಲ್ಲಿ ತಂದೆಯಿಂದ ಪತ್ರ ಬಂತು; ಅವರು ಮಗಳಿಗೆ ಬರೆದ ಮೊದಲ ಪತ್ರ. "ಕಾರ್ಖಾನೆ ಮುಚ್ಚಿದ್ದು ನಿನಗೆ ಗೊತ್ತು. ಈಗ ಅದರ ಜೊತೆ ಅಂಕಣಗಳನ್ನೂ ಮಾರುತ್ತಾರಂತೆ. ಅಲ್ಲಿ ಅಂಗಡಿಗೆ ಬರುವವರ ಕಾರು ನಿಲ್ಲಿಸುತ್ತಾರಂತೆ. ನಿನಗೆ ತಿಳಿದಿರಲಿ ಎಂದು ಬರೆದೆ."

ಒಂದು ವಾರಕ್ಕೆಂದು ಅವರು ಊರಿಗೆ ಬಂದರು. ಬಂದಾಗ ಕಂಡದ್ದು, ನಲವತ್ತು ವರ್ಷದಿಂದ ಸದ್ದು ಮಾಡುತ್ತಿದ್ದ ಊರು ಮೌನವಾಗಿದ್ದುದು. ವಯಸ್ಸಿನವರೆಲ್ಲ ಕೆಲಸ ಹುಡುಕಿ ಪಶ್ಚಿಮಕ್ಕೆ ಹೋಗಿದ್ದರು. ಅಂಕಣಗಳಲ್ಲಿ ಗರಿಕೆ ಬೆಳೆದಿತ್ತು. ಅಂಕಣಗಳು ಕಾರ್ಖಾನೆಯವೇ ಎಂದು ಎಲ್ಲರೂ ನಂಬಿದ್ದರು. ಯೆಂಚ್ ಮೇಷ್ಟ್ರು ಮಾತ್ರ ಒಮ್ಮೆ, ಈ ಜಾಗ ಒಬ್ಬ ಹೆಣ್ಣುಮಗಳದು ಕಣಮ್ಮಾ, ಕಾರ್ಖಾನೆಯದಲ್ಲ ಎಂದಿದ್ದರು. ಅದನ್ನೇ ಹಿಡಿದುಕೊಂಡು ಮಾರ್ಲೀಸ್ ಅವರು ಭೂ ದಾಖಲೆಗಳ ಕಚೇರಿಗೆ ಹೋದರು. ಜನರಿಗೆ ಆ ಕಚೇರಿ ತೆರೆಯುತ್ತಿದ್ದುದು ಮಂಗಳವಾರ ಮಾತ್ರ. ಹಳೆಯ ಸಂಪುಟಗಳು ತೇವ ಹಿಡಿದು, ಒಂದು ನೆಲಮಾಳಿಗೆಯಲ್ಲಿ ಗುಡ್ಡೆ ಬಿದ್ದಿದ್ದವು. ಒಂದು ಮಂಗಳವಾರಕ್ಕೆ ನಾಲ್ಕು ಸಂಪುಟ ನೋಡಬಹುದು. ಒಂದು ವಾರ ಮೂರಾಯಿತು, ಮೂರು ಏಳಾಯಿತು. ಡಿಸೆಂಬರ್ ಬಂತು. ಸಿಲ್ಕೆ ಫೋನು ಮಾಡಿದರು.

"ಒಂದು ವಾರ ಅಂದಿದ್ದೆ."

"ಇಲ್ಲಿ ಮಂಗಳವಾರ ಮಾತ್ರ ತೆಗೀತಾರೆ."

"ಮಾರ್ಲೀಸ್, ಆ ನಾಲ್ಕು ಅಂಕಣದಲ್ಲಿ ಈಗ ಆಡೋರು ಯಾರಿದ್ದಾರೆ? ನೀನು ಅಲ್ಲಿ ಕೂತಿದ್ದು ಸತ್ತ ಮೇಷ್ಟ್ರಿಗೋಸ್ಕರ. ನಂಗೋಸ್ಕರ ಅಲ್ಲ, ನಿಂಗೋಸ್ಕರವೂ ಅಲ್ಲ."

ಆಡಬೇಕೆಂಬ ಆಸೆ ಮಾರ್ಲೀಸ್ ಅವರಿಗೆ ಇನ್ನೂ ಇತ್ತು. ಎಷ್ಟಿತ್ತೆಂದರೆ, ಆ ಚಳಿಗಾಲದುದ್ದಕ್ಕೂ ರ‍್ಯಾಕೆಟ್ಟಿನ ಚೀಲವನ್ನು ಕಣ್ಣಿಗೆ ಬೀಳದಂತೆ ಮಂಚದ ಕೆಳಗೆ ತಳ್ಳಿದ್ದೆ ಎಂದು ನನಗೆ ಒಮ್ಮೆ ಹೇಳಿದ್ದಾರೆ. ಆದರೂ ಫೋನಿನಲ್ಲಿ ಅವರು ಹೇಳಿದ್ದು, "ನಾನು ಬರಲ್ಲ ಸಿಲ್ಕೆ. ನಿಂಗೆ ಹೇಳದೆ ಇರೋದು ಸರಿಯಲ್ಲ ಅಂತ ಹೇಳ್ತಿದೀನಿ" ಎಂದು.

"ನಾನು ಹೇಳದೆ ಹೋದೆ, ನೀನು ಹೇಳಿ ಬಿಡ್ತಿದೀಯ. ಲೆಕ್ಕ ಸರಿಹೋಯ್ತು ಬಿಡು" ಎಂದು ಸಿಲ್ಕೆ ಫೋನಿಟ್ಟರು. ಅದಾದ ಮೇಲೆ ಒಂದೂವರೆ ವರ್ಷ ಇಬ್ಬರ ನಡುವೆ ಮಾತಿರಲಿಲ್ಲ.

ದಾಖಲೆ ಸಿಕ್ಕಿದ್ದು ಹದಿನೆಂಟನೆಯ ಮಂಗಳವಾರ, ೧೯೯೩ರ ಫೆಬ್ರವರಿಯಲ್ಲಿ. ಊರಿನ ಒಂದು ವಸತಿಗೃಹದ ಒಡತಿ, ವಿಧವೆ ಸೆಲ್ಮಾ ವ್ಯೂನ್ಶೆ ಎಂಬಾಕೆ ೧೯೨೬ರಲ್ಲಿ ಆ ಹುಲ್ಲುಗಾವಲನ್ನು ದಾನ ಬರೆದುಕೊಟ್ಟಿದ್ದರು: "ಈ ಊರಿನ ಹೆಣ್ಣುಮಕ್ಕಳು ಚೆಂಡಾಡಲು ಬಯಸುವಷ್ಟು ಕಾಲ." ಮಾರಾಟದ ಹೊಣೆ ಹೊತ್ತು ಪಶ್ಚಿಮದಿಂದ ಬಂದಿದ್ದ ಓವರ್‌ಬೆಕ್ ಎಂಬ ಅಧಿಕಾರಿ ಅದನ್ನು ಎರಡು ಸಲ ಓದಿ, ಒಂದು ತೊಡಕನ್ನು ಸೌಜನ್ಯದಿಂದಲೇ ತೋರಿಸಿದರು. ಷರತ್ತು ಸ್ಪಷ್ಟವಾಗಿದೆ, ಆದರೆ ಹೆಣ್ಣುಮಕ್ಕಳು ಈಗ ಆಡುತ್ತಿದ್ದಾರೆಯೇ? ಇಲ್ಲವಾದರೆ ದಾನ ಮುಗಿದಂತೆ. ಮೇ ತಿಂಗಳ ಮೊದಲ ಶನಿವಾರ ಬಂದು ನೋಡುತ್ತೇನೆ ಎಂದರು.

ಊರಿನಲ್ಲಿ ಆಗ ಟೆನಿಸ್ ಆಡುವ ಹೆಣ್ಣುಮಗಳೆಂದರೆ ಮಾರ್ಲೀಸ್ ಒಬ್ಬರೇ. ಅವರು ಮನೆಮನೆಯ ಬಾಗಿಲು ಬಡಿಯತೊಡಗಿದರು. ಏಪ್ರಿಲ್ಲಿನ ಒಂದು ಮಧ್ಯಾಹ್ನ ನಮ್ಮ ಮನೆಯ ಬಾಗಿಲಲ್ಲೂ ನಿಂತಿದ್ದರು. ನನಗೆ ಎಂಟು ವರ್ಷ, ಉಬ್ಬಸದ ಕಾಯಿಲೆ. ಇವಳಿಗೆ ಓಡೋಕಾಗಲ್ಲ ಎಂದರು ನನ್ನ ಅಜ್ಜಿ. "ಓಡೋದು ಬೇಡಮ್ಮ, ನಿಂತ್ಕೊಂಡ್ರೆ ಸಾಕು" ಎಂದರು ಮಾರ್ಲೀಸ್. ಹೀಗೆ ಕೂಡಿಸಿ ಕೂಡಿಸಿ ಹನ್ನೊಂದು ಹುಡುಗಿಯರಾದೆವು. ಕೆಲಸ ಕಳೆದುಕೊಂಡ ಏರ್ವಿನ್ ಅವರೂ ಅವರ ಗೆಳೆಯರೂ ಗರಿಕೆ ಕಿತ್ತು ಅಂಕಣಗಳನ್ನು ಸಮ ಮಾಡಿದರು. ಮೂರು ವಾರದಲ್ಲಿ ನಾವು ಕಲಿತದ್ದು ರ‍್ಯಾಕೆಟ್ಟನ್ನು ಎರಡು ಕೈಯಲ್ಲಿ ಹಿಡಿದು, ಬರುವ ಚೆಂಡಿಗೆ ಅಡ್ಡ ಒಡ್ಡುವುದು. ಅಷ್ಟೇ.

ಆ ಶನಿವಾರ ಬಿಸಿಲಿತ್ತು. ಓವರ್‌ಬೆಕ್ ಅವರು ಟೊಪ್ಪಿಯನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತರು. ನಾವು ಒಬ್ಬೊಬ್ಬರಾಗಿ ಗೆರೆಯ ಮೇಲೆ ನಿಂತೆವು, ಎದುರಿಗೆ ಮಾರ್ಲೀಸ್. ನಾನು ಹೊಡೆದ ಮೊದಲ ಚೆಂಡು ಪಕ್ಕದ ಅಂಕಣದತ್ತ ಹೋಯಿತು, ಅವರು ಅಲ್ಲಿದ್ದರು. ಮತ್ತೆ ಬಂದ ಚೆಂಡು ನಾನು ಅಲುಗಾಡದೆಯೇ ನನ್ನ ರ‍್ಯಾಕೆಟ್ಟಿನ ನಡುವಿಗೆ ಬಂದು ತಾಗಿತು. ಮತ್ತೊಂದು ಬೇಲಿಯತ್ತ, ಅಲ್ಲಿಯೂ ಅವರಿದ್ದರು. ನಾವು ಹನ್ನೊಂದು ಜನ ನಿಂತೇ ಇದ್ದೆವು, ಅವರೊಬ್ಬರು ಒಂದು ಗಂಟೆ ಓಡಿದರು. ನನ್ನ ಸರದಿಯಲ್ಲಿ ಚೆಂಡು ಹದಿನಾಲ್ಕು ಬಾರಿ ಬಲೆಯನ್ನು ದಾಟಿತು. ಅಷ್ಟು ಬಾರಿ ದಾಟಿದ್ದು ನನ್ನಿಂದಲೇ ಎಂದು ನಾನು ಹಲವು ವರ್ಷ ನಂಬಿದ್ದೆ.

ಓವರ್‌ಬೆಕ್ ಅವರು ಆಟ ಬಲ್ಲವರೆಂಬುದು ನಮಗೆ ಗೊತ್ತಿರಲಿಲ್ಲ. ಎಲ್ಲ ಮುಗಿದ ಮೇಲೆ ಎದ್ದು, ಬೆವರು ಸುರಿಯುತ್ತಿದ್ದ ಮಾರ್ಲೀಸ್ ಅವರ ಬಳಿ ಬಂದರು. ನಾನು ಅಲ್ಲೇ ಚೆಂಡು ಹೆಕ್ಕುತ್ತಿದ್ದೆ.

"ಇಲ್ಲಿ ಆಡಿದ್ದು ಒಬ್ಬರೇ, ರೀಚೆಲ್ ಅವರೇ" ಎಂದರು.

ಮಾರ್ಲೀಸ್ ಅವರು ಅಲ್ಲವೆನ್ನಲಿಲ್ಲ. ಸುಳ್ಳು ಅವರಿಗೆ ನಿಜಕ್ಕೂ ಬರುತ್ತಿರಲಿಲ್ಲ.

"ಆದ್ರೆ ಪತ್ರದಲ್ಲಿರೋದು 'ಆಡಲು ಬಯಸುವಷ್ಟು ಕಾಲ' ಅಂತ" ಎಂದು ಓವರ್‌ಬೆಕ್ ಅವರು ಟೊಪ್ಪಿ ಹಾಕಿಕೊಂಡರು. "ಬಯಸೋರನ್ನ ನಾನು ಹನ್ನೊಂದು ಜನ ಎಣಿಸಿದೀನಿ."

ಅಂಕಣಗಳು ಉಳಿದವು. ಜೂನಿನಲ್ಲಿ ಸಂಘ ತನ್ನದೇ ಹೆಸರಿನಲ್ಲಿ ನೋಂದಣಿಯಾಯಿತು. ಮರುವರ್ಷದ ಬೇಸಿಗೆಯಲ್ಲಿ ಕಾರೊಂದು ಬಂದು ಗೇಟಿನ ಬಳಿ ನಿಂತಿತು; ಇಳಿದವರು ಸಿಲ್ಕೆ. ಡಿಕ್ಕಿಯ ತುಂಬ ಹೊಸ ಚೆಂಡುಗಳ ಪೆಟ್ಟಿಗೆಗಳು. ಮಾರ್ಲೀಸ್ ಅವರು ಎರಡು ಪೆಟ್ಟಿಗೆ ಎತ್ತಿಕೊಂಡು ನಡೆದರು, ಸಿಲ್ಕೆ ಉಳಿದೆರಡನ್ನು ಎತ್ತಿಕೊಂಡು ಹಿಂಬಾಲಿಸಿದರು. ಅಂದಿನಿಂದ ಪ್ರತಿ ಜುಲೈನ ಒಂದು ವಾರ ಅವರು ನಮ್ಮೂರಿನವರು.

ಮುಂದಿನ ಮೂವತ್ತು ವರ್ಷಗಳ ಕಥೆಯನ್ನು ಈ ಸಂಪುಟದ ಬೇರೆ ಲೇಖಕರು ವಿವರವಾಗಿ ಬರೆದಿರುವುದರಿಂದ ನಾನು ಕೆಲವನ್ನಷ್ಟೇ ನೆನೆಯುತ್ತೇನೆ. ಶಾಲೆ ಬಿಟ್ಟ ಮೇಲೆ ಮನೆಯಲ್ಲಿ ಯಾರೂ ಇಲ್ಲದ ಮಕ್ಕಳಿಗೆ ಸಂಘದ ಅಡುಗೆಮನೆಯಲ್ಲಿ ದಿನಾ ಸಿಗುತ್ತಿದ್ದ ಬೇಯಿಸಿದ ಆಲೂಗಡ್ಡೆ, ಗಟ್ಟಿ ಮೊಸರು, ಮೇಲೆ ಅಗಸೆ ಎಣ್ಣೆ. ಅದು ಯಾರ ಖರ್ಚು ಎಂದು ನಾವು ಕೇಳಲಿಲ್ಲ, ಅವರು ಹೇಳಲಿಲ್ಲ. ಪೋಲೆಂಡಿನ ಗಡಿಯಲ್ಲಿ ಕಾವಲು ತೆಗೆದಾಗ ನಲವತ್ತಾರರ ವಯಸ್ಸಿನಲ್ಲಿ ಆಚೆಯ ಮಕ್ಕಳಿಗಾಗಿ ಪೋಲಿಷ್ ಕಲಿಯಲು ಕೂತರು. ಅವರು ಆ ಭಾಷೆಯನ್ನು ಎಷ್ಟು ತಪ್ಪು ಮಾತಾಡುತ್ತಾರೆಂದರೆ, ಮಕ್ಕಳು ಅವರನ್ನು ತಿದ್ದುವ ಆಸೆಗೇ ಜರ್ಮನ್ ಕಲಿತುಬಿಟ್ಟರು. ೨೦೧೦ರ ಆಗಸ್ಟಿನಲ್ಲಿ ನೈಸೆ ಉಕ್ಕಿ ನಾಲ್ಕು ಅಂಕಣಗಳನ್ನೂ ಬಾಚಿಕೊಂಡು ಹೋದಾಗ ನಾವೆಲ್ಲ ಕೈಚೆಲ್ಲಿದ್ದೆವು. ಆ ವರ್ಷವೇ ಹಳೆಯ ಕಾರ್ಖಾನೆಯನ್ನು ಕೆಡವಿದ್ದರು. ಎಪ್ಪತ್ತಾರರ ಏರ್ವಿನ್ ಅವರು ತಮ್ಮ ಹಳೆಯ ಜೊತೆಗಾರರನ್ನು ಕರೆತಂದು, ಆ ಇಟ್ಟಿಗೆಗಳನ್ನು ಯಂತ್ರಕ್ಕೆ ಹಾಕಿ ಪುಡಿ ಮಾಡಿಸಿ, ಜರಡಿ ಹಿಡಿದು, ಅಂಕಣಗಳಿಗೆ ಹಾಸಿದರು. ಮೂರು ವರ್ಷದ ನಂತರ ತೀರಿಕೊಳ್ಳುವವರೆಗೆ ಪ್ರತಿ ಬೆಳಿಗ್ಗೆ ನೀರು ಹಾಕುತ್ತಿದ್ದವರು ಅವರೇ. ಮಗಳ ಆಟ ನೋಡಲು ಅವರು ಬರುತ್ತಿದ್ದರೆಂದು ಯಾರಾದರೂ ಅಂದರೆ, ಇಲ್ಲ, ನೀರು ಹಾಕೋಕೆ ಬರ್ತೀನಿ ಎನ್ನುತ್ತಿದ್ದರು.

ಅಭಿನಂದನ ಗ್ರಂಥದಲ್ಲಿ ದೂರು ಹೇಳುವುದು ವಾಡಿಕೆಯಲ್ಲ. ಆದರೂ ಒಂದನ್ನು ಹೇಳದಿದ್ದರೆ ಈ ಚಿತ್ರ ಪೂರ್ಣವಾಗದು. ಹೊಗಳುವ ಕಲೆ ಮಾರ್ಲೀಸ್ ಅವರಿಗೆ ಒಲಿದಿಲ್ಲ. ಹದಿನಾರನೆಯ ವಯಸ್ಸಿನಲ್ಲಿ ನನ್ನನ್ನು ತಂಡದಿಂದ ಕೈಬಿಟ್ಟಾಗ ಒಂದೇ ವಾಕ್ಯದಲ್ಲಿ ಹೇಳಿದರು: ನಿನ್ನ ಆಟ ಇಷ್ಟೇ, ಇನ್ನು ಏರುವುದಿಲ್ಲ. ನಾನು ಎರಡು ತಿಂಗಳು ಆ ಕಡೆ ಸುಳಿಯಲಿಲ್ಲ. ಮೂರನೆಯ ತಿಂಗಳು ಅವರು ಮತ್ತೊಮ್ಮೆ ನಮ್ಮ ಮನೆಯ ಬಾಗಿಲಿಗೆ ಬಂದು, ಪಂದ್ಯಗಳ ಪಟ್ಟಿ ಮಾಡಲು, ಪತ್ರ ಬರೆಯಲು ಬರುವವರು ಬೇಕಾಗಿದೆ ಎಂದರು. ಹೇಳಿದ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ. ಆ ಮಾತು ನಿಜವಾಗಿತ್ತೆಂದು ಒಪ್ಪಿಕೊಳ್ಳಲು ನನಗೆ ಹತ್ತು ವರ್ಷ ಬೇಕಾಯಿತು. ನನ್ನ ಕೆಲಸ ಯಾವುದೆಂದು ಅವರಿಗೆ ಅಂದೇ ಗೊತ್ತಿತ್ತು.

ಕಳೆದ ನವೆಂಬರಿನಲ್ಲಿ ಈ ಗ್ರಂಥದ ಪ್ರಸ್ತಾಪ ಮುಂದಿಟ್ಟಾಗ, ಪುಸ್ತಕ ಬೇಡ, ಮೂರನೆಯ ಅಂಕಣಕ್ಕೆ ಬೇಲಿ ಹಾಕಿಸಿ ಎಂದರು. ಎರಡನ್ನೂ ಮಾಡಿದ್ದೇವೆ. ಮಾರ್ಚ್ ತಿಂಗಳ ಕೊನೆಯ ದಿನ ಬೀಗದ ಕೈಗಳನ್ನು ಹೊಸ ತರಬೇತುದಾರರಿಗೆ ಒಪ್ಪಿಸಿದರು, ಭಾಷಣ ಮಾಡಲಿಲ್ಲ. ಮರುದಿನ ಬೆಳಿಗ್ಗೆ ನಾನು ಕಚೇರಿಯ ಬಾಗಿಲು ತೆಗೆಯುವ ಹೊತ್ತಿಗೆ ಹೊರಗೆ ಕಾಯುತ್ತಿದ್ದರು. ತರಬೇತುದಾರರಾಗಿ ಇಷ್ಟು ವರ್ಷ ಸಂಘದ ನೌಕರರಾಗಿದ್ದ ಅವರು ಸದಸ್ಯರಾಗಿರಲೇ ಇಲ್ಲವಂತೆ. ಸದಸ್ಯತ್ವದ ಅರ್ಜಿ ಬೇಕೆಂದರು. ಕೊಟ್ಟೆ. ಕನ್ನಡಕ ಹಾಕಿಕೊಂಡು, ಮಕ್ಕಳ ಮೇಜಿನ ಮುಂದೆ ಕೂತು, ನಿಧಾನವಾಗಿ ತುಂಬಿದರು. 'ಈ ಮೊದಲು ಟೆನಿಸ್ ಆಡಿದ ಅನುಭವ' ಎಂಬ ಸಾಲಿನ ಮುಂದೆ 'ಸ್ವಲ್ಪ' ಎಂದು ಬರೆದು ಸಹಿ ಹಾಕಿದರು.

ಅರ್ಜಿಯನ್ನು ಸಮಿತಿ ಒಮ್ಮತದಿಂದ ಅಂಗೀಕರಿಸಿದೆ. ಅರವತ್ತೈದು ದಾಟಿದ ಮಹಿಳೆಯರ ತಂಡದಲ್ಲಿ ಅವರಿಗೆ ನಾಲ್ಕನೆಯ ಸ್ಥಾನ ಕೊಡಲಾಗಿದೆ. ಅದಕ್ಕಿಂತ ಮೇಲೆ ಬರಬೇಕಾದರೆ ಉಳಿದವರಂತೆ ಅವರೂ ಆಡಿ ಗೆಲ್ಲಬೇಕು. ಅವರ ಮೊಣಕಾಲುಗಳು ಗಟ್ಟಿಯಾಗಿರಲಿ, ಕಣ್ಣು ಚೆಂಡನ್ನು ದೂರದಿಂದಲೇ ಕಾಣುತ್ತಿರಲಿ, ಇನ್ನೂ ಬಹಳ ಬೇಸಿಗೆಗಳು ಅವರಿಗೆ ಒದಗಲಿ, ಪ್ರತಿ ಬೇಸಿಗೆಯಲ್ಲೂ ಬಲೆಯ ಆಚೆಗೆ ಯಾರಾದರೊಬ್ಬರು ನಿಂತಿರಲಿ ಎಂದು ನಾವೆಲ್ಲ ಹಾರೈಸುತ್ತೇವೆ. ಮೊದಲ ಪಂದ್ಯ ಮೇ ಒಂಬತ್ತರಂದು, ಶನಿವಾರ ಬೆಳಿಗ್ಗೆ ಹತ್ತಕ್ಕೆ, ಬೌಟ್ಸೆನ್ ತಂಡದ ಮೇಲೆ. ಹೊಸ ಸದಸ್ಯರು ಅರ್ಧ ಗಂಟೆ ಮುಂಚೆ ಬಂದು ಅಂಕಣಕ್ಕೆ ನೀರು ಹಾಕತಕ್ಕದ್ದು.